ಪರಿವರ್ತನೀಯವಲ್ಲದ ಆಲ್ಜೀಬ್ರಾ ನುಣುಪಾಗಿದೆಯೇ? ಹಂತ ಹಂತವಾಗಿ ಪರೀಕ್ಷಿಸುವ ಬಗೆ

ರ² = ಯ³ ಎಂಬ ವಕ್ರರೇಖೆಯನ್ನು ಕಾಗದದ ಮೇಲೆ ಬರೆದು ನೋಡಿ. ಮೂಲಬಿಂದುವಿನ ಹತ್ತಿರ ಬರುತ್ತಿದ್ದಂತೆ ಅದು ಮುಳ್ಳಿನ ಹಾಗೆ ಚೂಪಾಗುತ್ತದೆ. ಅಲ್ಲಿ ರ² − ಯ³ ಎಂಬುದರ ಯ-ಡೆರಿವೇಟಿವ್, ರ-ಡೆರಿವೇಟಿವ್ ಎರಡೂ ಡೆರಿವೇಟಿವ್‌ಗಳು ಒಟ್ಟಿಗೆ ಸೊನ್ನೆ ಆಗುತ್ತವೆ. ಉಳಿದ ಕಡೆ ರೇಖೆ ನುಣುಪು. ಬೀಜಗಣಿತೀಯ ಜ್ಯಾಮಿತಿಯಲ್ಲಿ ‘ಸ್ಮೂತ್’ ಅನ್ನುವುದು ಇದನ್ನೇ. ಡೆರಿವೇಟಿವ್ ತೆಗೆಯಿರಿ, ಬಿಂದುವಿನಲ್ಲಿ ಬೆಲೆ ಹಾಕಿ, ನೋಡಿ. ಅಷ್ಟೇ ಕೆಲಸ.

ಈಗ ಯ·ರ ಮತ್ತು ರ·ಯ ಬೇರೆ ಬೇರೆಯಾಗಿರುವ ಒಂದು ಆಲ್ಜೀಬ್ರಾ ಕೈಗೆ ಬಂತು ಅಂತಿಟ್ಟುಕೊಳ್ಳಿ. ಬೆಲೆ ಹಾಕೋಣ ಅಂದ್ರೆ ಬಿಂದುಗಳೇ ಸಿಗುವುದಿಲ್ಲ. ಸ್ಪರ್ಶಕ ಎಳೆಯೋಣ ಅಂದ್ರೆ ಎಲ್ಲಿ ಎಳೆಯುವುದು? ಆದರೂ ‘ಈ ಆಲ್ಜೀಬ್ರಾ ನುಣುಪು, ಅದು ಅಲ್ಲ’ ಅಂತ ಗಣಿತಜ್ಞರು ಧೈರ್ಯವಾಗಿ ಹೇಳುತ್ತಾರೆ. ಆ ಮಾತಿಗೆ ಬರುವುದು ಹೇಗೆ ಅಂತ ಇಲ್ಲಿ ಹೇಳಿಕೊಡುತ್ತೇನೆ. ರಿಂಗ್, ಮಾಡ್ಯೂಲ್, ಟೆನ್ಸರ್ ಗುಣಲಬ್ಧ, ಪ್ರೊಜೆಕ್ಟಿವ್ ಮಾಡ್ಯೂಲ್ ಇಷ್ಟು ಗೊತ್ತಿದ್ದರೆ ಸಾಕು.

ಅಕ್ಷರಗಳ ಬಗ್ಗೆ ಒಂದು ಮಾತು. ‘ಕ’ ಅಂದ್ರೆ ಫೀಲ್ಡ್. ‘ಅ’ ಅಂದ್ರೆ ನಾವು ಪರೀಕ್ಷಿಸುತ್ತಿರುವ ಆಲ್ಜೀಬ್ರಾ. ಯ, ರ ಚರಾಕ್ಷರಗಳು. ಕ[ಯ, ರ] ಅಂದ್ರೆ ಮಾಮೂಲಿ ಬಹುಪದೋಕ್ತಿಗಳ ರಿಂಗ್. ಕ⟨ಯ, ರ⟩ ಅಂದ್ರೆ ಯ·ರ ಮತ್ತು ರ·ಯ ಬೇರೆಯೇ ಆಗಿರುವ ಫ್ರೀ ಆಲ್ಜೀಬ್ರಾ.

ಹಂತ 1: ಫೀಲ್ಡ್ ಯಾವುದು ಅಂತ ಮೊದಲು ಬರೆದಿಟ್ಟುಕೊಳ್ಳಿ

ನುಣುಪು ಅನ್ನುವುದು ಆಲ್ಜೀಬ್ರಾ ಒಂದರದೇ ಗುಣ ಅಲ್ಲ. ಯಾವ ಫೀಲ್ಡಿನ ಮೇಲೆ ಅದು ನಿಂತಿದೆ ಅನ್ನುವುದೂ ಸೇರಿದ ಗುಣ. ಇದನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ತಪ್ಪಬಹುದು.

ಒಂದು ಉದಾಹರಣೆ ನೋಡಿ. ಪ ಒಂದು ಅವಿಭಾಜ್ಯ ಸಂಖ್ಯೆ. ಕ ಅನ್ನುವುದು ಪ ಧಾತುಗಳ ಫೀಲ್ಡಿಗೆ ‘ತ’ ಎಂಬ ಚರಾಕ್ಷರ ಸೇರಿಸಿ ಪಡೆದ ಭಿನ್ನರಾಶಿಗಳ ಫೀಲ್ಡ್. ಅದಕ್ಕೆ ತ-ದ ಪ-ನೇ ಮೂಲವನ್ನು ಸೇರಿಸಿ. ಆ ಮೂಲದ ಹೆಸರು ‘ಸ’. ಹೀಗೆ ಸಿಕ್ಕಿದ ಅ ಕೂಡ ಒಂದು ಫೀಲ್ಡ್. ಫೀಲ್ಡ್ ಅಂದ ಮೇಲೆ ಅದರ ಮೇಲಿನ ಎಲ್ಲ ಮಾಡ್ಯೂಲ್‌ಗಳೂ ಪ್ರೊಜೆಕ್ಟಿವ್, ಅದಕ್ಕಿಂತ ಚೆನ್ನಾದ ರಿಂಗ್ ಇಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಅ⊗ಅ ಒಳಗೆ ಹೋಗಿ ಸ⊗1 − 1⊗ಸ ಎಂಬ ಧಾತುವನ್ನು ಪ-ನೇ ಘಾತಕ್ಕೆ ಏರಿಸಿ. ಲಕ್ಷಣಸಂಖ್ಯೆ ಪ (ಅಂದ್ರೆ 1 ಅನ್ನು ಪ ಸಲ ಕೂಡಿದರೆ ಸೊನ್ನೆ) ಆದ್ದರಿಂದ ನಡುವಿನ ಪದಗಳೆಲ್ಲ ಬಿದ್ದು ಹೋಗುತ್ತವೆ. ಉಳಿಯುವುದು ತ − ತ, ಅಂದ್ರೆ ಸೊನ್ನೆ. ಸೊನ್ನೆಯಲ್ಲದ ಧಾತು ಘಾತಕ್ಕೇರಿ ಸೊನ್ನೆಯಾಯಿತು. ಈ ಆಲ್ಜೀಬ್ರಾ ಕ-ದ ಮೇಲೆ ನುಣುಪಲ್ಲ. ಯಾಕೆ ಅಂತ ಹಂತ 5 ಓದಿದ ಮೇಲೆ ಪೂರ್ತಿ ಗೊತ್ತಾಗುತ್ತದೆ.

ಮೊದಲ ಸಲ ಕಲಿಯುವವರು ಸಂಕೀರ್ಣ ಸಂಖ್ಯೆಗಳ ಫೀಲ್ಡ್ ಇಟ್ಟುಕೊಳ್ಳಿ. ಈ ತೊಂದರೆ ಅಲ್ಲಿ ಬರುವುದೇ ಇಲ್ಲ.

ಹಂತ 2: ನುಣುಪು ನಿಮಗೆ ಯಾವ ಕೆಲಸಕ್ಕೆ ಬೇಕು?

ನನ್ನ ಪ್ರಕಾರ ಇದೇ ಮುಖ್ಯ ಪ್ರಶ್ನೆ. ಪರಿವರ್ತನೀಯ ಲೋಕದಲ್ಲಿ ನುಣುಪನ್ನು ಬೇರೆ ಬೇರೆ ಬಗೆಯಲ್ಲಿ ಹೇಳಬಹುದು. ಗ್ರೋಥೆಂಡೀಕ್ ಅದನ್ನು ‘ಲಿಫ್ಟ್’ ಆಗುವ ಗುಣವಾಗಿ ಕಂಡರು. ಸ್ಥಳೀಯ ರಿಂಗ್ (ಒಂದು ಬಿಂದುವಿನ ಸುತ್ತಲಿನ ರಿಂಗ್) ರೆಗ್ಯುಲರ್, ಅಂದ್ರೆ ಚೂಪಿಲ್ಲದ್ದು, ಆಗಿರುವುದಕ್ಕೂ ಪ್ರತಿ ಮಾಡ್ಯೂಲಿನ ರೆಸಲ್ಯೂಷನ್ (ಪ್ರೊಜೆಕ್ಟಿವ್ ಮಾಡ್ಯೂಲುಗಳ ಸರಣಿಯಿಂದ ಅದನ್ನು ಕಟ್ಟುವುದು) ಎಲ್ಲೋ ಒಂದು ಕಡೆ ಮುಗಿಯುವುದಕ್ಕೂ ವ್ಯತ್ಯಾಸವಿಲ್ಲ ಅಂತ 1950ರ ದಶಕದಲ್ಲಿ ಔಸ್‌ಲ್ಯಾಂಡರ್, ಬುಕ್ಸ್‌ಬಾಮ್ ಮತ್ತು ಸೆರ್ ತೋರಿಸಿದರು. ಮೂರನೆಯ ಬಗೆ ಕರ್ಣದ್ದು: ಆಕೃತಿಯನ್ನು ಅದರ ಜೊತೆಗೇ ಗುಣಿಸಿ, ಒಳಗೆ ಕೂತ ಕರ್ಣ ಎಷ್ಟು ಚೆನ್ನಾಗಿದೆ ಅಂತ ನೋಡುವುದು. ಸಂಕೀರ್ಣ ಸಂಖ್ಯೆಗಳ ಮೇಲೆ, ಪರಿಮಿತ ಜನಕಗಳಿರುವ ಪರಿವರ್ತನೀಯ ಆಲ್ಜೀಬ್ರಾಗೆ ಈ ಮೂರೂ ಒಂದೇ ಉತ್ತರ ಕೊಡುತ್ತವೆ.

ಪರಿವರ್ತನೀಯ ನಿಯಮ ಬಿಟ್ಟ ಕೂಡಲೇ ಮೂರೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಆದ್ದರಿಂದ ‘ನುಣುಪು ಹೌದಾ ಅಲ್ವಾ’ ಅಂತ ಸುಮ್ನೆ ಕೇಳಿದರೆ ಉತ್ತರವಿಲ್ಲ. ಯಾವ ಅರ್ಥದಲ್ಲಿ ಅಂತ ಹೇಳಲೇಬೇಕು. ಯಾರಾದರೂ ಪ್ರಬಂಧದಲ್ಲಿ ‘ಸ್ಮೂತ್ ಆಲ್ಜೀಬ್ರಾ’ ಅಂತ ಬರೆದಿದ್ದರೆ, ಮೊದಲು ಅವರ ವ್ಯಾಖ್ಯೆ ಹುಡುಕಿ ಓದಿ.

ಹಂತ 3: ಲಿಫ್ಟ್ ಪರೀಕ್ಷೆ

ಒಂದು ಆಲ್ಜೀಬ್ರಾ ಬ, ಅದರೊಳಗೆ ತನ್ನ ವರ್ಗ ಸೊನ್ನೆಯಾಗುವ ಐಡಿಯಲ್ ಇ. ಅ-ದಿಂದ ಬ/ಇ-ಗೆ ಒಂದು ಹೋಮೋಮಾರ್ಫಿಸಂ ಕೊಟ್ಟಿದ್ದಾರೆ. ಅದನ್ನು ಬ-ವರೆಗೂ ಎತ್ತಲು ಆಗುತ್ತದೆಯೇ? ಎಲ್ಲ ಬ, ಎಲ್ಲ ಇ, ಎಲ್ಲ ಹೋಮೋಮಾರ್ಫಿಸಂಗಳಿಗೂ ಆಗುತ್ತದೆ ಅಂದ್ರೆ ಅ ಲಿಫ್ಟ್ ಅರ್ಥದಲ್ಲಿ ನುಣುಪು. ಈ ಆಲ್ಜೀಬ್ರಾಗಳನ್ನು ಶೆಲ್ಟರ್ 1986ರಲ್ಲಿ ಅಧ್ಯಯನ ಮಾಡಿದರು. 1995ರಲ್ಲಿ ಕುಂಟ್ಸ್ ಮತ್ತು ಕ್ವಿಲನ್ ಇವನ್ನು ‘ಕ್ವಾಸಿ-ಫ್ರೀ’ ಅಂತ ಕರೆದು ಆಳವಾಗಿ ಬೆಳೆಸಿದರು. ಗ್ರೋಥೆಂಡೀಕರ ವ್ಯಾಖ್ಯೆಯಲ್ಲಿ ಬ ಪರಿವರ್ತನೀಯ. ಇಲ್ಲಿ ಬ ಯಾವುದಾದರೂ ಆಗಬಹುದು. ಮೇಲ್ನೋಟಕ್ಕೆ ಸಣ್ಣ ಬದಲಾವಣೆ. ಪರಿಣಾಮ ಮಾತ್ರ ದೊಡ್ಡದು.

ಫ್ರೀ ಆಲ್ಜೀಬ್ರಾ ಕ⟨ಯ, ರ⟩ ಈ ಪರೀಕ್ಷೆಯನ್ನು ಒಂದೇ ಸಾಲಿನಲ್ಲಿ ಪಾಸಾಗುತ್ತದೆ. ಯ ಮತ್ತು ರ ಎಲ್ಲಿಗೆ ಹೋಗುತ್ತವೋ ಅಲ್ಲಿಂದ ಬ ಒಳಗೆ ಒಂದೊಂದು ಧಾತು ಆರಿಸಿ. ಪಾಲಿಸಬೇಕಾದ ಸಂಬಂಧಗಳೇ ಇಲ್ಲ, ಮುಗಿಯಿತು.

ಈಗ ಕ[ಯ, ರ]. ಇದು ಸಮತಲದ ರಿಂಗ್. ಸಮತಲಕ್ಕಿಂತ ನುಣುಪಾದದ್ದು ಏನಿದೆ? ಆದರೂ ಇದು ಈ ಪರೀಕ್ಷೆಯಲ್ಲಿ ಸೋಲುತ್ತದೆ. ಕೈಯಾರೆ ಮಾಡಿ ನೋಡಿ, ಐದು ನಿಮಿಷದ ಕೆಲಸ.

ಬ ಅನ್ನುವುದನ್ನು ಹೀಗೆ ಕಟ್ಟಿ. ಅದರ ಧಾತುಗಳು ಫ + ಹ·ಗ ರೂಪದಲ್ಲಿರುತ್ತವೆ. ಫ, ಗ ಎರಡೂ ಬಹುಪದೋಕ್ತಿಗಳು. ಹ ಎಲ್ಲದರ ಜೊತೆಗೂ ಸ್ಥಾನ ಬದಲಿಸುತ್ತದೆ (ಹ·ಫ = ಫ·ಹ), ಹ² = 0. ಎರಡು ಬಹುಪದೋಕ್ತಿಗಳ ಹೊಸ ಗುಣಾಕಾರ ಹೀಗೆ: ಮಾಮೂಲಿ ಗುಣಲಬ್ಧ, ಅದಕ್ಕೆ ‘ಹ × ಮೊದಲನೆಯದರ ಯ-ಡೆರಿವೇಟಿವ್ × ಎರಡನೆಯದರ ರ-ಡೆರಿವೇಟಿವ್’ ಕೂಡಿಸಿ. ಮೂರು ಧಾತುಗಳನ್ನು ಗುಣಿಸುವಾಗ ಆವರಣ ಎಲ್ಲಿ ಹಾಕಿದರೂ ಒಂದೇ ಉತ್ತರ ಬರುತ್ತದೆ. ಇದನ್ನು ನೀವೇ ಪರಿಶೀಲಿಸಿ. ಈ ಗುಣಾಕಾರದಲ್ಲಿ ಯ·ರ ಮಾಡಿದರೆ ಮಾಮೂಲಿ ಗುಣಲಬ್ಧದ ಜೊತೆಗೆ ಹ ಬರುತ್ತದೆ. ರ·ಯ ಮಾಡಿದರೆ ಹೆಚ್ಚಿಗೆ ಏನೂ ಬರುವುದಿಲ್ಲ. ವ್ಯತ್ಯಾಸ ಹ.

ಹ-ವನ್ನು ಸೊನ್ನೆ ಮಾಡಿದರೆ ಮತ್ತೆ ಕ[ಯ, ರ] ಸಿಗುತ್ತದೆ. ಅಲ್ಲಿನ ಐಡೆಂಟಿಟಿ ಮ್ಯಾಪ್ ಅನ್ನು ಮೇಲಕ್ಕೆತ್ತಲು ನೋಡಿ. ಯ ಹೋಗಬೇಕಾದದ್ದು ಯ + ಹ·ಗ ಎಂಬ ಧಾತುವಿಗೆ, ರ ಹೋಗಬೇಕಾದದ್ದು ರ + ಹ·ಜ ಎಂಬ ಧಾತುವಿಗೆ. ಗ, ಜ ನಿಮ್ಮಿಷ್ಟ. ಈ ಎರಡರ ಗುಣಲಬ್ಧವನ್ನು ಎರಡೂ ಕ್ರಮದಲ್ಲಿ ಮಾಡಿ ಕಳೆಯಿರಿ. ಗ, ಜ ಇರುವ ಪದಗಳು ಎರಡೂ ಕಡೆ ಒಂದೇ ಆದ್ದರಿಂದ ಹೊಡೆದು ಹೋಗುತ್ತವೆ. ಉಳಿಯುವುದು ಹ. ಯಾವ ಗ, ಜ ಆರಿಸಿದರೂ ಆ ಹ ಹೋಗುವುದಿಲ್ಲ. ಆದರೆ ಕ[ಯ, ರ] ಒಳಗೆ ಯ·ರ − ರ·ಯ = 0, ಲಿಫ್ಟ್ ಆದ ಮೇಲೂ ಅದು ಸೊನ್ನೆಯೇ ಆಗಿರಬೇಕು. ಆದ್ದರಿಂದ ಲಿಫ್ಟ್ ಇಲ್ಲ.

ನನಗೆ ಈ ಲೆಕ್ಕ ತುಂಬ ಇಷ್ಟ. ‘ಯ ಮತ್ತು ರ ಸ್ಥಾನ ಬದಲಿಸುತ್ತವೆ’ ಅನ್ನುವುದೇ ಪರಿವರ್ತನೀಯವಲ್ಲದ ಲೋಕದಲ್ಲಿ ಒಂದು ಬಿಗಿಯಾದ ಸಂಬಂಧ ಅಂತ ಕಣ್ಣಿಗೆ ಕಾಣುವ ಹಾಗೆ ತೋರಿಸುತ್ತದೆ. ನುಣುಪಾದ ಅಫೈನ್ ವಕ್ರರೇಖೆಗಳ ರಿಂಗ್‌ಗಳು ಕ್ವಾಸಿ-ಫ್ರೀ. ಆಯಾಮ 2 ಆದ ಕೂಡಲೇ ಅಲ್ಲ. ಮ್ಯಾಟ್ರಿಕ್ಸ್ ಆಲ್ಜೀಬ್ರಾಗಳು, ಬಾಣಗಳ ಚಿತ್ರದಿಂದ ಬರುವ ಪಾತ್ ಆಲ್ಜೀಬ್ರಾಗಳು (ದಾರಿಗಳ ಮೊತ್ತಗಳೇ ಧಾತುಗಳು, ದಾರಿಗಳನ್ನು ಜೋಡಿಸುವುದೇ ಗುಣಾಕಾರ) ಕ್ವಾಸಿ-ಫ್ರೀ ಪಟ್ಟಿಯಲ್ಲೇ ಇವೆ.

ಹಂತ 4: ಎಲ್ಲ ಬ-ಗಳನ್ನೂ ಪರೀಕ್ಷಿಸದೆ ಉತ್ತರ ಪಡೆಯುವುದು

‘ಎಲ್ಲ ಬ, ಎಲ್ಲ ಇ’ ಅನ್ನುವುದು ಮುಗಿಯದ ಕೆಲಸ. ಅದಕ್ಕೊಂದು ಅಡ್ಡದಾರಿ ಇದೆ. ಗುಣಾಕಾರದ ಮ್ಯಾಪ್ ಅ⊗ಅ → ಅ ತಗೊಳ್ಳಿ. ಅದರ ಕರ್ನಲ್ ಒಂದು ಬೈಮಾಡ್ಯೂಲ್: ಎಡದಿಂದಲೂ ಬಲದಿಂದಲೂ ಅ ಅದರ ಮೇಲೆ ಕೆಲಸ ಮಾಡುತ್ತದೆ. ಇದೇ ಪರಿವರ್ತನೀಯವಲ್ಲದ ಡಿಫರೆನ್ಷಿಯಲ್‌ಗಳ ಬೈಮಾಡ್ಯೂಲ್. ‘ಡಿ ಯ’ ಅನ್ನುವುದು ಇಲ್ಲಿ 1⊗ಯ − ಯ⊗1. ಈ ಬೈಮಾಡ್ಯೂಲ್ ಪ್ರೊಜೆಕ್ಟಿವ್ ಆಗಿದ್ದರೆ ಅ ಕ್ವಾಸಿ-ಫ್ರೀ, ಇಲ್ಲದಿದ್ದರೆ ಅಲ್ಲ. ಒಂದೇ ವಸ್ತುವಿನ ಪರೀಕ್ಷೆ.

ಇದನ್ನೇ ಹೋಕ್‌ಶಿಲ್ಡ್ ಕೋಹೋಮಾಲಜಿಯ (ಲಿಫ್ಟಿಗೆ ಬರುವ ಅಡ್ಡಿಯನ್ನು ಬೈಮಾಡ್ಯೂಲ್ ಗುಣಾಂಕಗಳಿಟ್ಟು ಅಳೆಯುವ ಲೆಕ್ಕ) ಭಾಷೆಯಲ್ಲಿ ಹೇಳಿದರೆ: ಎಲ್ಲ ಬೈಮಾಡ್ಯೂಲ್ ಮ-ಗಳಿಗೂ ಎರಡನೆಯ ಕೋಹೋಮಾಲಜಿ ಸೊನ್ನೆ ಆಗಬೇಕು. ‘ಎಲ್ಲ ಮ’ ಅನ್ನುವುದನ್ನು ಬಿಡಬೇಡಿ. ಮ ಜಾಗದಲ್ಲಿ ಬರೀ ಅ ಇಟ್ಟು ಸೊನ್ನೆ ಬಂತು ಅಂತ ನಿಲ್ಲಿಸಿದರೆ ಮೋಸ ಹೋಗುತ್ತೀರಿ. 2005ರಲ್ಲಿ ಬುಖ್‌ವೈಟ್ಸ್, ಗ್ರೀನ್, ಮ್ಯಾಡ್ಸನ್ ಮತ್ತು ಸೂಲ್ಬರ್ಗ್ ಬರೀ 4 ಆಯಾಮದ ಒಂದು ಉದಾಹರಣೆ ಕೊಟ್ಟರು: ಯ² = 0, ರ² = 0, ಯ·ರ + ಕ್ಯೂ·ರ·ಯ = 0, ಇಲ್ಲಿ ಕ್ಯೂ ಸೊನ್ನೆಯೂ ಅಲ್ಲ, 1ರ ಯಾವ ಮೂಲವೂ ಅಲ್ಲ. ಇದರ ಅ-ಗುಣಾಂಕದ ಕೋಹೋಮಾಲಜಿ 2ರ ನಂತರ ಪೂರ್ತಿ ಸೊನ್ನೆ. ಆದರೆ ಮಾಡ್ಯೂಲ್ ರೆಸಲ್ಯೂಷನ್‌ಗಳು ಮುಗಿಯುವುದೇ ಇಲ್ಲ.

ಹಂತ 5: ಕರ್ಣದ ಪರೀಕ್ಷೆ

ಸಮತಲವನ್ನೂ ನುಣುಪು ಅನ್ನುವ ವ್ಯಾಖ್ಯೆ ಬೇಕಾದರೆ ಇಲ್ಲಿಗೆ ಬನ್ನಿ. ಕೊಂಟ್ಸೆವಿಚ್ ಮುಂದಿಟ್ಟು ಇವತ್ತು ಜಾಸ್ತಿ ಬಳಕೆಯಲ್ಲಿರುವುದು ಇದೇ. ಅ-ವನ್ನು ಬೈಮಾಡ್ಯೂಲ್ ಅಂತ ನೋಡಿ. ಪರಿಮಿತ ಜನಕಗಳ ಪ್ರೊಜೆಕ್ಟಿವ್ ಬೈಮಾಡ್ಯೂಲ್‌ಗಳಿಂದ ಪರಿಮಿತ ಉದ್ದದ ರೆಸಲ್ಯೂಷನ್ ಇದ್ದರೆ ಅ ಹೋಮಾಲಾಜಿಕಲಿ ಸ್ಮೂತ್. ಜ್ಯಾಮಿತಿಯಲ್ಲಿ ಹೇಳಿದರೆ, ಕರ್ಣವನ್ನು ಮುಗಿಯುವಷ್ಟು ಸಮೀಕರಣಗಳ ಸರಣಿಯಿಂದ ಕಟ್ಟಬಹುದು.

ಕ[ಯ, ರ] ಈಗ ಪಾಸಾಗುತ್ತದೆ. ಅ⊗ಅ ಒಳಗೆ ಎರಡು ಧಾತುಗಳು: ಯ⊗1 − 1⊗ಯ ಮತ್ತು ರ⊗1 − 1⊗ರ. ಇವೆರಡರಿಂದ ಕಟ್ಟುವ ‘ಕೊಸೂಲ್’ ಎಂಬ ರೆಸಲ್ಯೂಷನ್‌ನಲ್ಲಿ ಅ⊗ಅ-ದ ಪ್ರತಿಗಳು ಅನುಕ್ರಮವಾಗಿ 1, 2, 1. ಉದ್ದ 2. ಸಮತಲದ ಆಯಾಮವೂ 2. ಫ್ರೀ ಆಲ್ಜೀಬ್ರಾಗೆ ಎಷ್ಟು ಜನಕಗಳಿದ್ದರೂ ಉದ್ದ 1 ಮಾತ್ರ. ಪರಿಮಿತ ಜನಕಗಳ ಕ್ವಾಸಿ-ಫ್ರೀ ಆಲ್ಜೀಬ್ರಾಗಳೆಂದರೆ ಹೋಮಾಲಾಜಿಕಲಿ ಸ್ಮೂತ್ ಆಗಿದ್ದು ರೆಸಲ್ಯೂಷನ್ ಉದ್ದ 1 ಅಥವಾ ಅದಕ್ಕಿಂತ ಕಡಿಮೆ ಇರುವವು, ಅಂತ ನೆನಪಿಟ್ಟುಕೊಳ್ಳಿ. ಎರಡು ನುಣುಪಾದವುಗಳ ಟೆನ್ಸರ್ ಗುಣಲಬ್ಧ ಈ ಅರ್ಥದಲ್ಲಿ ನುಣುಪೇ. ಕ್ವಾಸಿ-ಫ್ರೀ ಅರ್ಥದಲ್ಲಿ ಹಾಗಲ್ಲ. ಕ[ಯ] ಮತ್ತು ಕ[ರ] ಸೇರಿ ಕ[ಯ, ರ] ಆದಾಗ ಆದದ್ದು ಅದೇ.

ಸೋಲುವುದು ಹೇಗಿರುತ್ತದೆ? ಅ = ಕ[ಯ]/(ಯ²) ತಗೊಳ್ಳಿ. ಅ⊗ಅ ಒಳಗೆ ಎಡ ಯ, ಬಲ ಯ ಎರಡಿವೆ. ಬಲದ್ದನ್ನು ಯ′ ಅನ್ನೋಣ. ಎರಡರ ವರ್ಗವೂ ಸೊನ್ನೆ. ಗುಣಾಕಾರದ ಕರ್ನಲ್ ಹುಟ್ಟುವುದು ಯ − ಯ′ ಇಂದ. ಯ − ಯ′ ಅನ್ನು ಸೊನ್ನೆ ಮಾಡುವುದು ಯಾವುದು? ಯ + ಯ′, ಯಾಕಂದ್ರೆ ಗುಣಲಬ್ಧ ಯ² − ಯ′² = 0. ಯ + ಯ′ ಅನ್ನು ಸೊನ್ನೆ ಮಾಡುವುದು? ಮತ್ತೆ ಯ − ಯ′. ಹೀಗೆ ಒಂದಾದ ಮೇಲೊಂದು, ಕೊನೆಯೇ ಇಲ್ಲ. ಬೇರೆ ಚಿಕ್ಕ ರೆಸಲ್ಯೂಷನ್ ಇರಬಹುದಲ್ಲ ಅನ್ನುವ ಅನುಮಾನ ಸರಿಯಾದದ್ದೇ. ಅದಕ್ಕೆ ಎರಡೂ ಬದಿಯನ್ನು ಅಂಟಿಸಿ, ಅಂದ್ರೆ ಯ′ = ಯ ಇಡಿ. ಮ್ಯಾಪ್‌ಗಳು 0, 2ಯ, 0, 2ಯ ಆಗುತ್ತವೆ. ಪ್ರತಿ ಹಂತದಲ್ಲೂ ಸೊನ್ನೆಯಲ್ಲದ ಹೋಮಾಲಜಿ ಉಳಿಯುತ್ತದೆ. ಮುಗಿಯುವ ರೆಸಲ್ಯೂಷನ್ ಇದ್ದಿದ್ದರೆ ಹೋಮಾಲಜಿಯೂ ಎಲ್ಲೋ ಮುಗಿಯಬೇಕಿತ್ತು.

ಹಂತ 1ರ ಫೀಲ್ಡ್ ಕೂಡ ಹೀಗೇ ಸೋಲುತ್ತದೆ. ಅಲ್ಲಿ ಸ⊗1 − 1⊗ಸ ಅನ್ನು ಜ ಅಂದರೆ ಅ⊗ಅ ಅಂದ್ರೆ ಅ[ಜ]/(ಜ ಘಾತ ಪ). ಮುಗಿಯದ ಸರಣಿ ಅಲ್ಲೂ ಇದೆ.

ಹಂತ 6: ಗ್ಲೋಬಲ್ ಡೈಮೆನ್ಷನ್ ಯಾವಾಗ ಸಾಕು

ಬೈಮಾಡ್ಯೂಲ್ ಲೆಕ್ಕ ಉದ್ದ ಆಗುತ್ತದೆ. ಬರೀ ಎಡ ಮಾಡ್ಯೂಲ್‌ಗಳ ರೆಸಲ್ಯೂಷನ್ ನೋಡಿ ಮುಗಿಸಬಹುದೇ? ಕೆಲವು ಕಡೆ ಆಗುತ್ತದೆ. ಎಲ್ಲ ಮಾಡ್ಯೂಲುಗಳ ರೆಸಲ್ಯೂಷನ್ ಮುಗಿಸಲು ಬೇಕಾಗುವ ಗರಿಷ್ಠ ಉದ್ದವೇ ಗ್ಲೋಬಲ್ ಡೈಮೆನ್ಷನ್.

ನಿಮ್ಮ ಆಲ್ಜೀಬ್ರಾ ಪರಿಮಿತ ಆಯಾಮದ್ದಾಗಿದ್ದು, ಫೀಲ್ಡ್ ಆಲ್ಜೀಬ್ರಾಯಿಕಲಿ ಕ್ಲೋಸ್ಡ್ (ಸ್ಥಿರಾಂಕವಲ್ಲದ ಪ್ರತಿ ಬಹುಪದೋಕ್ತಿಗೂ ಅದರಲ್ಲೇ ಮೂಲ ಇರುವಂಥದ್ದು) ಆಗಿದ್ದರೆ, ಪರಿಮಿತ ಗ್ಲೋಬಲ್ ಡೈಮೆನ್ಷನ್ ಅಂದ್ರೆ ಹೋಮಾಲಾಜಿಕಲಿ ಸ್ಮೂತ್ ಅಂತಲೇ ಅರ್ಥ. ಅಲ್ಲಿ ಬಾಣಗಳ ಚಿತ್ರ ಬರೆಯಿರಿ. ಬಾಣಗಳ ದಿಕ್ಕಿನಲ್ಲೇ ಸುತ್ತಿ ಬರುವ ದಾರಿ ಒಂದೂ ಇಲ್ಲದಿದ್ದರೆ, ಸಂಬಂಧಗಳು ಏನೇ ಇರಲಿ, ನುಣುಪು. ಒಂದು ಬಿಂದುವಿನಿಂದ ಅದೇ ಬಿಂದುವಿಗೆ ಬರುವ ಬಾಣ ಇದ್ದರೆ ಖಂಡಿತ ಅಲ್ಲ. ಇದು ಲೆಂಟ್ಸಿಂಗ್ ಮತ್ತು ಇಗೂಸಾ ಅವರ ಫಲಿತಾಂಶ. ಮೇಲಿನ ಯ² = 0 ಅಂಥದ್ದೇ ಒಂದು ಬಾಣ.

ಇನ್ನೊಂದು ಅನುಕೂಲದ ಜಾಗ ಗ್ರೇಡೆಡ್ ಆಲ್ಜೀಬ್ರಾ, ಅಂದ್ರೆ ಧಾತುಗಳನ್ನು ಡಿಗ್ರಿಯ ಪ್ರಕಾರ ವಿಂಗಡಿಸಿದ್ದು. ಡಿಗ್ರಿ ಸೊನ್ನೆಯಲ್ಲಿ ಬರೀ ಕ ಇದ್ದು ಉಳಿದದ್ದೆಲ್ಲ ಧನ ಡಿಗ್ರಿಯಲ್ಲಿದ್ದರೆ, ಕ ಎಂಬ ಒಂದೇ ಮಾಡ್ಯೂಲಿನ ರೆಸಲ್ಯೂಷನ್ ಸಾಕು. ಅದು ಪರಿಮಿತವಾಗಿ ಮುಗಿದರೆ ಬೈಮಾಡ್ಯೂಲ್ ರೆಸಲ್ಯೂಷನ್ ಕೂಡ ಅದೇ ಉದ್ದದಲ್ಲಿ ಮುಗಿಯುತ್ತದೆ. 1987ರಲ್ಲಿ ಆರ್ಟಿನ್ ಮತ್ತು ಶೆಲ್ಟರ್ ಇಲ್ಲಿಗೆ ಎರಡು ಷರತ್ತು ಸೇರಿಸಿದರು: ಆಲ್ಜೀಬ್ರಾ ಬಹುಪದೋಕ್ತಿಯ ವೇಗದಲ್ಲಿ ಬೆಳೆಯಬೇಕು, ಗೊರೆನ್‌ಸ್ಟೈನ್ ಎಂಬ ಸಮ್ಮಿತಿ ಇರಬೇಕು. ರ·ಯ = ಕ್ಯೂ·ಯ·ರ ಎಂಬ ಕ್ವಾಂಟಮ್ ಸಮತಲ (ಕ್ಯೂ ಸೊನ್ನೆಯಲ್ಲ) ಎಲ್ಲವನ್ನೂ ಪಾಸಾಗುತ್ತದೆ. ಕ⟨ಯ, ರ⟩ ಬೆಳೆಯುವ ವೇಗದಲ್ಲೇ ಸೋಲುತ್ತದೆ: ಡಿಗ್ರಿ ನ-ದಲ್ಲಿ 2ರ ನ-ನೇ ಘಾತದಷ್ಟು ಪದಗಳು. ‘ಸಾಮಾನ್ಯ ಜಾಗದ ಹಾಗಿರುವ’ ಆಲ್ಜೀಬ್ರಾ ಬೇಕಾದವರಿಗೆ ಆರ್ಟಿನ್–ಶೆಲ್ಟರ್ ಷರತ್ತೇ ಸರಿ.

ಗ್ರೇಡಿಂಗ್ ಇಲ್ಲದ, ಅನಂತ ಆಯಾಮದ ಕಡೆ ಎಚ್ಚರ ಬೇಕು. ವೈಲ್ ಆಲ್ಜೀಬ್ರಾ ನೋಡಿ: ಯ ಮತ್ತು ದ, ಸಂಬಂಧ ದ·ಯ − ಯ·ದ = 1. ಲಕ್ಷಣಸಂಖ್ಯೆ 0 ಇದ್ದಾಗ ಇದರ ಗ್ಲೋಬಲ್ ಡೈಮೆನ್ಷನ್ 1. ಆದರೆ ಬೈಮಾಡ್ಯೂಲ್ ರೆಸಲ್ಯೂಷನ್‌ನ ಉದ್ದ 2, ಅದಕ್ಕಿಂತ ಚಿಕ್ಕದು ಸಾಧ್ಯವಿಲ್ಲ. ಅಂದ್ರೆ ನುಣುಪು ಹೌದು, ಕ್ವಾಸಿ-ಫ್ರೀ ಅಲ್ಲ. ‘ಗ್ಲೋಬಲ್ ಡೈಮೆನ್ಷನ್ 1 ಬಂತು, ಆದ್ದರಿಂದ ಲಿಫ್ಟ್ ಆಗುತ್ತದೆ’ ಅಂತ ಇಲ್ಲಿ ಬರೆಯಬೇಡಿ.

ಹಂತ 7: ಮ್ಯಾಟ್ರಿಕ್ಸ್‌ಗಳಲ್ಲಿ ಚಿತ್ರ ನೋಡುವುದು

ಇಷ್ಟರಲ್ಲಿ ಜ್ಯಾಮಿತಿ ಎಲ್ಲಿ ಹೋಯಿತು ಅನ್ನಿಸಿರಬಹುದು. 2000ದಲ್ಲಿ ಕೊಂಟ್ಸೆವಿಚ್ ಮತ್ತು ರೋಸೆನ್‌ಬರ್ಗ್ ಹೇಳಿದ ಒಂದು ತತ್ವ ಇಲ್ಲಿ ನೆರವಾಗುತ್ತದೆ. ಅ-ವನ್ನು ನ×ನ ಮ್ಯಾಟ್ರಿಕ್ಸ್‌ಗಳಲ್ಲಿ ಎಷ್ಟು ಬಗೆಯಲ್ಲಿ ಇಡಬಹುದೋ ಅವೆಲ್ಲ ಸೇರಿ ಒಂದು ಮಾಮೂಲಿ ಜ್ಯಾಮಿತೀಯ ಜಾಗ ಆಗುತ್ತದೆ. ಅ-ದ ಮೇಲಿನ ಒಳ್ಳೆಯ ರಚನೆ ಪ್ರತಿ ನ-ಗೂ ಆ ಜಾಗದ ಮೇಲೆ ಒಳ್ಳೆಯ ರಚನೆ ಕೊಡಬೇಕು. ಪರಿಮಿತ ಜನಕಗಳ ಅ ಕ್ವಾಸಿ-ಫ್ರೀ ಆಗಿದ್ದರೆ ಈ ಎಲ್ಲ ಜಾಗಗಳೂ ನುಣುಪು.

ಕ[ಯ, ರ]ಗೆ ಇದನ್ನು ಮಾಡಿ. ನ = 1 ಆದರೆ ಸಮತಲ ಸಿಗುತ್ತದೆ, ನುಣುಪು. ನ = 2 ಆದರೆ ಪರಸ್ಪರ ಸ್ಥಾನ ಬದಲಿಸುವ 2×2 ಮ್ಯಾಟ್ರಿಕ್ಸ್ ಜೋಡಿಗಳ ಜಾಗ. ಅದರ ಆಯಾಮ 6. ಈಗ ಎರಡೂ ಸೊನ್ನೆ ಮ್ಯಾಟ್ರಿಕ್ಸ್ ಆಗಿರುವ ಬಿಂದುವಿನಲ್ಲಿ ನಿಂತು, ಪ್ರತಿಯೊಂದನ್ನೂ ಹ²= 0 ಆಗುವ ಹ-ದಷ್ಟು ಅಲುಗಾಡಿಸಿ. ಗುಣಿಸಿದಾಗ ಹ² ಬಂದು ಸೊನ್ನೆಯಾಗುವುದರಿಂದ ಯಾವ ತಡೆಯೂ ಇಲ್ಲ. ಎಂಟೂ ದಿಕ್ಕುಗಳು ತೆರೆದಿವೆ. ಆಯಾಮ 6, ಸ್ಪರ್ಶಕ ಜಾಗ 8. ಹಂತ 3ರಲ್ಲಿ ಹ ಎಂಬ ಒಂದು ಅಕ್ಷರವಾಗಿ ಕಂಡ ಸೋಲು ಇಲ್ಲಿ ಸಿಂಗ್ಯುಲರ್ ಬಿಂದುವಾಗಿ ಕಾಣುತ್ತದೆ.

ಈ ಪರೀಕ್ಷೆ ಕೆಲವೊಮ್ಮೆ ಏನೂ ಹೇಳುವುದಿಲ್ಲ. ಲಕ್ಷಣಸಂಖ್ಯೆ 0 ಇದ್ದಾಗ ವೈಲ್ ಆಲ್ಜೀಬ್ರಾ ಯಾವ ಮ್ಯಾಟ್ರಿಕ್ಸ್‌ಗಳಲ್ಲೂ ಕೂರುವುದಿಲ್ಲ: ದ·ಯ − ಯ·ದ ಇದರ ಟ್ರೇಸ್ 0, ಬಲಬದಿಯ ಟ್ರೇಸ್ ನ. ಜಾಗ ಖಾಲಿ. ಖಾಲಿ ಜಾಗದಿಂದ ತೀರ್ಮಾನಕ್ಕೆ ಬರಬೇಡಿ.

ಹಂತ 8: ಒಂದು ಪೂರ್ತಿ ಉದಾಹರಣೆ

ಕೊನೆಗೆ ಎಲ್ಲ ಹಂತಗಳನ್ನೂ ಒಂದು ಆಲ್ಜೀಬ್ರಾ ಮೇಲೆ ಪ್ರಯೋಗಿಸೋಣ. ಲಕ್ಷಣಸಂಖ್ಯೆ 2 ಅಲ್ಲದ ಫೀಲ್ಡ್ ಇಟ್ಟುಕೊಳ್ಳಿ. ಕ[ಯ, ರ]ಗೆ ಗ ಎಂಬ ಹೊಸ ಧಾತು ಸೇರಿಸಿ: ಗ² = 1, ಗ·ಯ = −ಯ·ಗ, ಗ·ರ = −ರ·ಗ. ಇದು ನಮ್ಮ ಅ.

ಗ ಜೊತೆ ಸ್ಥಾನ ಬದಲಿಸುವುದು ಸಮ ಡಿಗ್ರಿಯ ಬಹುಪದೋಕ್ತಿಗಳು ಮಾತ್ರ. ಅವೇ ಅ-ದ ಕೇಂದ್ರ. ಅವು ಹುಟ್ಟುವುದು ಯ², ಯ·ರ, ರ² ಈ ಮೂರರಿಂದ. ಇವನ್ನು ಉ, ವ, ಳ ಅಂದರೆ ಉ·ಳ = ವ². ಇದು ಶಂಕು, ತುದಿಯಲ್ಲಿ ನುಣುಪಲ್ಲ. ಕೇಂದ್ರ ಹೀಗಿರುವಾಗ ಅ ಕೂಡ ಕೆಟ್ಟದ್ದೇ ಅಂತ ಊಹಿಸಬೇಡಿ. ಕ[ಯ, ರ]ದ ಕೊಸೂಲ್ ರೆಸಲ್ಯೂಷನ್ ಮೇಲೆ ಗ ಸಲೀಸಾಗಿ ಕೆಲಸ ಮಾಡುತ್ತದೆ. 2ರಿಂದ ಭಾಗಿಸಿ ಸರಾಸರಿ ತೆಗೆಯಲು ಆಗುವುದರಿಂದ ಪ್ರೊಜೆಕ್ಟಿವ್ ಆಗಿರುವುದು ಕೆಡುವುದಿಲ್ಲ. ಹಾಗಾಗಿ ಅ ಹೋಮಾಲಾಜಿಕಲಿ ಸ್ಮೂತ್, ಉದ್ದ 2. ಕ್ವಾಸಿ-ಫ್ರೀ ಅಲ್ಲ. ಸಿಂಗ್ಯುಲರ್ ಜಾಗಕ್ಕೆ ಇಂಥ ನುಣುಪಾದ ಆಲ್ಜೀಬ್ರಾ ಜೋಡಿಸುವುದನ್ನೇ 2004ರಲ್ಲಿ ವಾನ್ ಡೆನ್ ಬರ್ಗ್ ಪರಿವರ್ತನೀಯವಲ್ಲದ ಕ್ರೆಪೆಂಟ್ ರೆಸಲ್ಯೂಷನ್ ಅಂತ ವ್ಯಾಖ್ಯಾನಿಸಿದರು.

ಚಿತ್ರ ಬೇಕಿದ್ದರೆ ಎರಡು ಬಿಂದು ಹಾಕಿ. ಒಂದು (1 + ಗ)/2, ಇನ್ನೊಂದು (1 − ಗ)/2. ಯ ಮತ್ತು ರ ಎರಡೂ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುತ್ತವೆ. ವಾಪಸ್ ಬರಲೂ ಒಂದು ಯ, ಒಂದು ರ. ಒಟ್ಟು ನಾಲ್ಕು ಬಾಣ. ಮೊದಲ ಬಿಂದುವಿನಿಂದ ಹೊರಟು ಎರಡು ಹೆಜ್ಜೆಯಲ್ಲಿ ಅಲ್ಲಿಗೇ ಮರಳುವ ದಾರಿಗಳನ್ನು ಎಣಿಸಿ: ಯ·ಯ, ಯ·ರ, ರ·ಯ, ರ·ರ. ನಡುವಿನ ಎರಡು ಒಂದೇ ಆದ್ದರಿಂದ ಉಳಿಯುವುದು ಮೂರು. ಅವೇ ಉ, ವ, ಳ. ಆ ಚೂಪಾದ ಶಂಕುವಿನ ರಿಂಗ್ ಪೂರ್ತಿಯಾಗಿ ಈ ನುಣುಪಾದ ಆಲ್ಜೀಬ್ರಾದ ಒಂದು ಮೂಲೆಯಲ್ಲಿ ಕೂತಿದೆ.